ಕಂತಿಲ್ಲದ ಬೆಳೆ ಪರಿಹಾರ: ಗುಜರಾತಿನ ಲೆಕ್ಕ

ಗುಜರಾತಿನಲ್ಲಿ ಮುಂಗಾರು ಬೆಳೆ ಕಳೆದುಕೊಂಡ ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಪರಿಹಾರ ಜಮೆ ಮಾಡುವ ‘ಮುಖ್ಯಮಂತ್ರಿ ಕಿಸಾನ್ ಸಹಾಯ್ ಯೋಜನೆ’ 2020ರ ಆಗಸ್ಟ್‌ನಲ್ಲಿ ಘೋಷಣೆಯಾಯಿತು. ಆಗ ವಿಜಯ್ ರೂಪಾಣಿ ಮುಖ್ಯಮಂತ್ರಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯನ್ನು ಬದಿಗಿಟ್ಟು ರಾಜ್ಯ ಈ ದಾರಿ ಹಿಡಿಯಿತು. ಬಿಮಾ ಯೋಜನೆಯಲ್ಲಿ ಮುಂಗಾರಿನ ಧಾನ್ಯ, ಎಣ್ಣೆಕಾಳುಗಳಿಗೆ ರೈತ ಶೇ 2ರಷ್ಟು, ಹತ್ತಿಯಂಥ ವಾಣಿಜ್ಯ ಬೆಳೆಗೆ ಶೇ 5ರಷ್ಟು ಕಂತು ಕಟ್ಟಬೇಕು. ಕರ್ನಾಟಕದಲ್ಲಿ ಇಂದಿಗೂ ಇದೇ ಪದ್ಧತಿ. ಗುಜರಾತಿನಲ್ಲಿ ಕಂತೂ ಇಲ್ಲ, ವಿಮಾ ಕಂಪನಿಯೂ ಇಲ್ಲ; ಹಣವೆಲ್ಲ ರಾಜ್ಯದ ಬೊಕ್ಕಸದ್ದು.

ಬೆಳೆ ಶೇ 33ರಿಂದ 60ರಷ್ಟು ಹಾಳಾದರೆ ಹೆಕ್ಟೇರಿಗೆ 20,000 ರೂಪಾಯಿ, ಅದಕ್ಕೂ ಮೀರಿದರೆ 25,000. ನಾಲ್ಕು ಹೆಕ್ಟೇರಿನವರೆಗೆ ಮಾತ್ರ. ಅಂದರೆ ಒಬ್ಬ ರೈತನಿಗೆ ಹೆಚ್ಚೆಂದರೆ ಒಂದು ಲಕ್ಷ.

ಪರಿಹಾರ ಸಿಗುವುದೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸುವುದು ಹೊಲವಲ್ಲ, ತಾಲ್ಲೂಕಿನ ಮಳೆಯ ಅಂಕಿ. ಹಂಗಾಮಿನಲ್ಲಿ ಹತ್ತು ಇಂಚಿಗಿಂತ ಕಡಿಮೆ ಮಳೆಯಾಗಿರಬೇಕು, ಇಲ್ಲವೇ ಆಗಸ್ಟ್ 31ರೊಳಗೆ ಸತತ 28 ದಿನ ಮಳೆ ಕೈಕೊಟ್ಟಿರಬೇಕು. ಆಗ ಅದು ಬರ. ಅತಿವೃಷ್ಟಿಗೆ ಅಹಮದಾಬಾದ್ ಮತ್ತು ವಡೋದರಾ ಜಿಲ್ಲೆಗಳಲ್ಲಿ 48 ಗಂಟೆಗಳಲ್ಲಿ 25 ಇಂಚು, ಸೂರತ್ ಸೇರಿದಂತೆ ದಕ್ಷಿಣದ ಜಿಲ್ಲೆಗಳಲ್ಲಿ 35 ಇಂಚು ಸುರಿಯಬೇಕು. ಬೆಂಗಳೂರಿನಲ್ಲಿ ಇಡೀ ವರ್ಷ ಬೀಳುವ ಮಳೆಯೇ ಸುಮಾರು 38 ಇಂಚು! ಈ ಮಿತಿಯ ಅರ್ಧ ಬಿದ್ದರೂ ಭತ್ತದ ಗದ್ದೆ ಕೆರೆಯಾಗುತ್ತದೆ. ಯೋಜನೆಯ ದೊಡ್ಡ ಕೊರತೆ ಇರುವುದು ಇಲ್ಲಿಯೇ.

ಮೂರನೆಯದು ಅಕಾಲಿಕ ಮಳೆ. ಅಲ್ಲಿನ ರೈತರ ಬಾಯಲ್ಲಿ ‘ಮಾವಠು’. ಅಕ್ಟೋಬರ್ 15ರಿಂದ ನವೆಂಬರ್ 15ರ ನಡುವೆ 48 ಗಂಟೆಗಳಲ್ಲಿ 50 ಮಿಲಿಮೀಟರ್‌ಗಿಂತ ಹೆಚ್ಚು ಸುರಿದರೆ ಅದು ಲೆಕ್ಕಕ್ಕೆ ಬರುತ್ತದೆ. ಈ ಅಳತೆ ಹೆಚ್ಚು ವಾಸ್ತವ. ಆ ದಿನಗಳಲ್ಲಿ ಅಹಮದಾಬಾದ್ ಜಿಲ್ಲೆಯ ಧಂಧೂಕಾ, ವಡೋದರಾ ಜಿಲ್ಲೆಯ ಕರ್ಜನ್ ಕಡೆ ಹತ್ತಿಕಾಯಿ ಬಿರಿದಿರುತ್ತದೆ. ಸೂರತ್ ಜಿಲ್ಲೆಯ ಓಲ್ಪಾಡ್‌ನಲ್ಲಿ ಭತ್ತ ಕೊಯ್ಲಿಗೆ ನಿಂತಿರುತ್ತದೆ. ಒಂದೇ ಮಳೆಗೆ ಅರಳೆ ಕಪ್ಪಾಗಿ ಬೆಲೆ ಕುಸಿಯುತ್ತದೆ, ಕೊಯ್ದು ಹರಡಿದ ಭತ್ತ ಗದ್ದೆಯಲ್ಲೇ ಮೊಳಕೆಯೊಡೆಯುತ್ತದೆ. ವರ್ಷದ ಖರ್ಚೆಲ್ಲ ಮುಗಿದು ಹಣ ಕೈಗೆ ಬರುವ ಹೊತ್ತಿನ ನಷ್ಟವಾದ್ದರಿಂದ ಪೆಟ್ಟೂ ಜೋರು.

2025ರಲ್ಲಿ ಆದದ್ದು ಇದೇ. ಅಕ್ಟೋಬರ್ ಕೊನೆಯ ಮಳೆ ರಾಜ್ಯದ ಬಹುಭಾಗದಲ್ಲಿ ಬೆಳೆ ಕೆಡಿಸಿದ ಮೇಲೆ ಮುಖ್ಯಮಂತ್ರಿ ಭೂಪೇಂದ್ರ ಪಟೇಲ್ ನವೆಂಬರ್‌ನಲ್ಲಿ ಸುಮಾರು 10,000 ಕೋಟಿ ರೂಪಾಯಿಯ ಪ್ರತ್ಯೇಕ ಪ್ಯಾಕೇಜ್ ಘೋಷಿಸಿದರು. ಹೆಕ್ಟೇರಿಗೆ 22,000 ರೂಪಾಯಿ, ಎರಡು ಹೆಕ್ಟೇರಿಗೆ ಮಿತಿ. ನೀರಾವರಿ, ಖುಷ್ಕಿ ಎಂಬ ಭೇದವಿಲ್ಲ.

ಕಿಸಾನ್ ಸಹಾಯ್ ಯೋಜನೆಯಲ್ಲಿ ತಾಲ್ಲೂಕು ನಷ್ಟಪೀಡಿತ ಪಟ್ಟಿಗೆ ಸೇರಿದರೆ ಸಮೀಕ್ಷಾ ತಂಡ ಹೊಲಕ್ಕೆ ಬಂದು ನಷ್ಟ ಅಂದಾಜಿಸುತ್ತದೆ. ರೈತ ಪಂಚಾಯಿತಿಯ ಇ-ಗ್ರಾಮ ಕೇಂದ್ರದಲ್ಲಿ ಆನ್‌ಲೈನ್ ಅರ್ಜಿ ಹಾಕಬೇಕು. ಅಲ್ಲಿ ಮುಖ್ಯವಾಗಿ ಕೇಳುವ ದಾಖಲೆ 8-ಅ, ಅಂದರೆ ಹಿಡುವಳಿಯ ಖಾತೆ ಪತ್ರ. ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರ ಪಡೆದವರಿಗೂ ಅವಕಾಶವಿದೆ. ಸೂರತ್ ಜಿಲ್ಲೆಯ ಉಮರ್‌ಪಾಡಾ, ಮಾಂಡ್ವಿ ತಾಲ್ಲೂಕುಗಳ ಆದಿವಾಸಿ ರೈತರ ಮಟ್ಟಿಗೆ ಇದು ಸಣ್ಣ ಮಾತಲ್ಲ.

ಆದರೆ ‘ಭಾಗಿಯಾ’ ಈ ಲೆಕ್ಕದಿಂದ ಹೊರಗೆ. ಬೇರೆಯವರ ಹೊಲದಲ್ಲಿ ದುಡಿದು ಫಸಲಿನ ಪಾಲು ಪಡೆಯುವ ಈತನದು ಬಾಯಿಮಾತಿನ ಒಪ್ಪಂದ. 8-ಅ ಪತ್ರದಲ್ಲಿ ಹೆಸರಿರುವುದಿಲ್ಲ. ವರ್ಷಕ್ಕೆ 6,000 ರೂಪಾಯಿ ಕೊಡುವ ಕೇಂದ್ರದ ಪಿಎಂ-ಕಿಸಾನ್ ಕೂಡ ಭೂಮಿ ಹೆಸರಿನಲ್ಲಿರುವ ಕುಟುಂಬಗಳಿಗೇ ಸೀಮಿತ. ಬೆಳೆ ಹೋದಾಗ ಭಾಗಿಯಾನ ಪಾಲೂ ಹೋಗುತ್ತದೆ, ಪರಿಹಾರ ಮಾತ್ರ ಮಾಲೀಕನ ಖಾತೆಗೆ ಬೀಳುತ್ತದೆ. ಅದರಲ್ಲಿ ಇವನಿಗೆ ಎಷ್ಟು ಎಂಬುದು ಮಾಲೀಕನ ಮನಸ್ಸಿಗೆ ಬಿಟ್ಟದ್ದು.