ಬೇವಿನ ಎಲೆ, ಬೆಳ್ಳಿಯ ಕಣ

ಬೇವಿನ ಕಷಾಯಕ್ಕೂ ಬೆಳ್ಳಿಗೂ ಏನು ಸಂಬಂಧ? ವಿದ್ಯಾರ್ಥಿ ಮಿತ್ರರೇ, ಒಂದು ಬೀಕರಿನಲ್ಲಿ ಬಣ್ಣವಿಲ್ಲದ ಸಿಲ್ವರ್ ನೈಟ್ರೇಟ್ ದ್ರಾವಣವಿದೆ ಎಂದಿಟ್ಟುಕೊಳ್ಳಿ. ಲೀಟರಿಗೆ 0.17 ಗ್ರಾಂ ಲವಣವಿದ್ದರೆ ಸಾಕು. ಬೇವಿನ ಎಲೆಗಳನ್ನು ನೀರಿನಲ್ಲಿ ಕುದಿಸಿ, ಸೋಸಿ, ಆ ಕಷಾಯವನ್ನು ಸ್ವಲ್ಪ ಸೇರಿಸಿದರೆ ದ್ರಾವಣ ಮೆಲ್ಲನೆ ಹಳದಿಗೆ ತಿರುಗಿ, ಬಳಿಕ ಕಂದು ಬಣ್ಣ ತಾಳುತ್ತದೆ. ಬೆಳ್ಳಿಯ ನ್ಯಾನೋ ಕಣಗಳು ಹುಟ್ಟುತ್ತಿವೆ ಎಂಬುದರ ಸೂಚನೆ ಇದು. ಈ ಕಣಗಳು ಬೆಳಕಿನ ನೇರಳೆ, ನೀಲಿ ಭಾಗವನ್ನು ಹೀರಿಕೊಳ್ಳುವುದರಿಂದ ಉಳಿದ ಬೆಳಕು ನಮಗೆ ಹಳದಿಯಾಗಿ ಕಾಣುತ್ತದೆ.

ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. 1ರಿಂದ 100 ನ್ಯಾನೋಮೀಟರ್ ಗಾತ್ರದವು ನ್ಯಾನೋ ಕಣಗಳು. ಇಷ್ಟು ಚಿಕ್ಕದಾಗುವುದರಿಂದ ಲಾಭವೇನು? 1 ಸೆಂಟಿಮೀಟರ್ ಬದಿಯ ಬೆಳ್ಳಿಯ ಘನದ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 600 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ನಾಲ್ಕು ವಾಲಿಬಾಲ್ ಅಂಕಣಗಳಷ್ಟು! ಈ ಹೊರಮೈಯಿಂದ ಬಿಡುಗಡೆಯಾಗುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಕೆಡಿಸುತ್ತವೆ. ಪ್ರೋಟೀನುಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅವುಗಳ ಕೆಲಸವನ್ನು ನಿಲ್ಲಿಸುತ್ತವೆ. ಆಂಟಿಬಯಾಟಿಕ್ ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತಿರುವಾಗ ವಿಜ್ಞಾನಿಗಳು ಬೆಳ್ಳಿಯತ್ತ ತಿರುಗಿರುವುದು ಇದಕ್ಕಾಗಿಯೇ.

ಇಲ್ಲಿ ಎಲೆ ಮಾಡುವ ಕೆಲಸ ಎರಡು. ಎಲೆಯಲ್ಲಿರುವ ಸಕ್ಕರೆ, ಪಾಲಿಫೀನಾಲ್ ಮುಂತಾದ ವಸ್ತುಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನು ಕೊಟ್ಟು ಅದನ್ನು ಪರಮಾಣುವಾಗಿಸುತ್ತವೆ. ನೀವು ರಸಾಯನಶಾಸ್ತ್ರದಲ್ಲಿ ಓದಿರುವ ಅಪಕರ್ಷಣ ಕ್ರಿಯೆ ಇದೇ. ಪರಮಾಣುಗಳು ಗುಂಪುಗೂಡಿ ಕಣಗಳಾಗುತ್ತವೆ. ಗುಂಪು ಬೆಳೆಯುತ್ತಲೇ ಹೋದರೆ ಬೆಳ್ಳಿ ಗಸಿಯಾಗಿ ತಳಕ್ಕಿಳಿದೀತು. ಹಾಗಾಗದಂತೆ ಎಲೆಯ ಅಣುಗಳೇ ಕಣದ ಸುತ್ತ ಹೊದಿಕೆಯಾಗಿ ನಿಲ್ಲುತ್ತವೆ. ರಾಸಾಯನಿಕ ವಿಧಾನದಲ್ಲಿ ಅಪಕರ್ಷಣಕ್ಕೆ ಸೋಡಿಯಂ ಬೋರೋಹೈಡ್ರೈಡ್‌ನಂಥ ವಿಷಕಾರಿ ವಸ್ತುವನ್ನು ಬಳಸುವುದುಂಟು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಅವರ ತಂಡ ಅದರ ಬದಲು ಎಲೆಗಳನ್ನು ಬಳಸಿ, 2003ರಲ್ಲಿ ಜೆರೇನಿಯಂ ಹಾಗೂ 2004ರಲ್ಲಿ ಬೇವಿನ ಪ್ರಯೋಗಗಳನ್ನು ಪ್ರಕಟಿಸಿತು.

ಆದರೆ ಬಣ್ಣ ಬಂದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಅಗಾರ್ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ದ್ರಾವಣದಲ್ಲಿ ಅದ್ದಿದ ಕಾಗದದ ಬಿಲ್ಲೆಯಿಟ್ಟಾಗ ಸುತ್ತ ಬೆಳವಣಿಗೆಯಿಲ್ಲದ ವಲಯ ಮೂಡಿತೆನ್ನಿ. ಬ್ಯಾಕ್ಟೀರಿಯಾವನ್ನು ತಡೆದದ್ದು ಯಾವುದು? ಬೇವಿನ ರಸವೇ ಇರಬಹುದು. ಅಳಿದುಳಿದ ಸಿಲ್ವರ್ ನೈಟ್ರೇಟ್ ಇರಬಹುದು. ಆದ್ದರಿಂದ ಬರೀ ಕಷಾಯ, ಬರೀ ಸಿಲ್ವರ್ ನೈಟ್ರೇಟ್, ಬರೀ ನೀರು, ತೊಳೆದು ಬೇರ್ಪಡಿಸಿದ ಕಣಗಳು ಹೀಗೆ ನಾಲ್ಕು ಬಿಲ್ಲೆಗಳನ್ನಿಟ್ಟು ಹೋಲಿಸಬೇಕು. ಈ ಹೋಲಿಕೆಯಿಲ್ಲದೆ ಕಣಗಳಿಗೆ ಯಶಸ್ಸು ಕಟ್ಟುವುದು ವಿಜ್ಞಾನವಲ್ಲ.

ಇನ್ನೊಂದು ಎಚ್ಚರಿಕೆಯ ಮಾತು. ಎಲೆಯಿಂದ ತಯಾರಾಯಿತೆಂದ ಮಾತ್ರಕ್ಕೆ ಬೆಳ್ಳಿ ನಿರಪಾಯಕಾರಿಯಾಗದು. ಎಲೆ ಶುದ್ಧಗೊಳಿಸುವುದು ತಯಾರಿಕೆಯ ವಿಧಾನವನ್ನು, ಬೆಳ್ಳಿಯ ಗುಣವನ್ನಲ್ಲ. ಬೆಳ್ಳಿಯನ್ನು ಬಹುಕಾಲ ಸೇವಿಸಿದವರ ಚರ್ಮ ಶಾಶ್ವತವಾಗಿ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು. ಕೆರೆ ಸೇರಿದ ಬೆಳ್ಳಿ ಜಲಚರಗಳಿಗೆ ವಿಷ. ಬ್ಯಾಕ್ಟೀರಿಯಾ ಬೆಳ್ಳಿಯನ್ನೂ ಎದುರಿಸಬಲ್ಲವು: ಸುಟ್ಟಗಾಯದ ರೋಗಿಗಳಲ್ಲಿ ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲಾ ಕಂಡುಬಂದ ವರದಿ 1975ರಲ್ಲೇ ಪ್ರಕಟವಾಗಿದೆ. ಬೇಕಾಬಿಟ್ಟಿ ಬಳಸಿದರೆ ಈ ಅಸ್ತ್ರವೂ ಮೊಂಡಾದೀತು.

ನೀವು ಈ ಪ್ರಯೋಗ ಮಾಡುವುದಾದರೆ ಅಧ್ಯಾಪಕರ ಸಮ್ಮುಖದಲ್ಲೇ ಮಾಡಿ. ಕೈಗವಸು ಧರಿಸಿ, ಸಿಲ್ವರ್ ನೈಟ್ರೇಟ್ ತಗುಲಿದರೆ ಚರ್ಮ ಕಪ್ಪಾಗುತ್ತದೆ. ಉಳಿದ ದ್ರಾವಣವನ್ನು ಚರಂಡಿಗೆ ಸುರಿಯದೆ ಪ್ರತ್ಯೇಕ ಸೀಸೆಯಲ್ಲಿ ಸಂಗ್ರಹಿಸಿ. ನಾಲ್ಕೂ ಬಿಲ್ಲೆಗಳ ಅಳತೆಯನ್ನು, ನಿರೀಕ್ಷೆಗೆ ವಿರುದ್ಧವಾಗಿ ಬಂದರೂ, ಕಂಡಂತೆಯೇ ಬರೆದಿಡಿ.