ಲಾರಿ ಹೋಗದ ರಸ್ತೆಗೂ ಒಂದು ಬೆಲೆಯಿದೆ

ಮಹಾಸಭೆ ಸೇರಿದಾಗಲೆಲ್ಲ ನಮ್ಮ ಸದಸ್ಯರು ತಪ್ಪದೆ ಎತ್ತುವ ಮಾತು ರಸ್ತೆಯದು. ಧಾರಣೆ, ಗೊಬ್ಬರ, ಸಾಲ ಇವೆಲ್ಲದರ ಚರ್ಚೆ ಮುಗಿದ ಮೇಲೆ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಎದ್ದು, "ನಮ್ಮೂರ ರಸ್ತೆ ಅಗಲ ಆಗಬೇಕು, ಸಂಘ ಒಂದು ಮನವಿ ಕೊಡಬೇಕು" ಎನ್ನುತ್ತಾರೆ, ಸಭೆ ಒಪ್ಪುತ್ತದೆ. ಆ ಬೇಡಿಕೆಯ ಇನ್ನೊಂದು ಮಗ್ಗುಲನ್ನು ಈ ಸಂಚಿಕೆಯಲ್ಲಿ ಸದಸ್ಯ ಬಂಧುಗಳ ಮುಂದಿಡಬಯಸುತ್ತೇವೆ. ಏಕೆಂದರೆ ನಾವು ಇಕ್ಕಟ್ಟೆಂದು ದೂರುವ ಒಳರಸ್ತೆಗಳನ್ನೇ ಹುಡುಕಿಕೊಂಡು ಈಗ ಕೆಲವರು ಬರುತ್ತಿದ್ದಾರೆ. ಅವರು ಬರುವುದು ಸೈಕಲ್ಲಿನ ಮೇಲೆ.

ಕಳೆದ ಕೊಯ್ಲಿನ ಕಾಲದಲ್ಲಿ ನಮ್ಮ ಗೋದಾಮಿನ ಮುಂದೆ ಇಂಥ ಮೂವರು ಸವಾರರು ನಿಂತರು. ಹಿಂಬದಿಯ ಎರಡೂ ಮಗ್ಗುಲಿಗೆ ಚೀಲ ಕಟ್ಟಿದ, ಗೇರಿನ ಸೈಕಲ್ಲುಗಳು. ಅವರು ಕೇಳಿದ್ದು ಮೂರೇ ಪ್ರಶ್ನೆ. ಕುಡಿಯುವ ನೀರು ಸಿಕ್ಕೀತೇ? ಮುಂದೆ ಊಟ ಎಲ್ಲಿ? ಮೂರನೆಯದು, "ಸಾರ್, ಲಾರಿ ಓಡಾಡದ ದಾರಿ ಯಾವುದು?" ಮೊದಲಿನ ಎರಡಕ್ಕೆ ಹಮಾಲಿ ಕೆಲಸದವರೇ ಉತ್ತರ ಕೊಟ್ಟರು. ಮೂರನೆಯದನ್ನು ಯಾರೂ ನಮ್ಮನ್ನು ಅದುವರೆಗೆ ಕೇಳಿರಲಿಲ್ಲ. ಹೆದ್ದಾರಿಗೆ ಹತ್ತಿರದ ದಾರಿ ಹೇಳಿ ಅಭ್ಯಾಸವಾದ ಬಾಯಿ ನಮ್ಮದು.

ನದಿಯ ದಾರಿ, ಗುಡ್ಡದ ದಾರಿ

ನಮ್ಮ ಸೀಮೆ ಈ ಬಗೆಯ ಪ್ರವಾಸಕ್ಕೆ ಒದಗಿಬಂದುದು ಆಕಸ್ಮಿಕವಲ್ಲ. ತುಂಗೆ, ಭದ್ರೆ ಎರಡೂ ಹುಟ್ಟುವುದು ವರಾಹ ಪರ್ವತದ ಗಂಗಾಮೂಲದಲ್ಲಿ. ತುಂಗೆ ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗದತ್ತ ಸಾಗುತ್ತಾಳೆ. ಭದ್ರೆ ಕುದುರೆಮುಖ, ಕಳಸ, ಬಾಳೆಹೊನ್ನೂರು ಸುತ್ತಿ ಲಕ್ಕವಳ್ಳಿಯ ಅಣೆಕಟ್ಟು ದಾಟುತ್ತಾಳೆ. ಇಬ್ಬರೂ ಕೂಡಲಿಯಲ್ಲಿ ಒಂದಾಗುತ್ತಾರೆ. ನದಿಯ ಜೊತೆಯಲ್ಲೇ ಹೋಗುವ ದಾರಿ ಒಟ್ಟಿನಲ್ಲಿ ಸೌಮ್ಯ. ಆದರೆ ಅಡ್ಡ ಬರುವ ಪ್ರತಿಯೊಂದು ಹಳ್ಳಕ್ಕೂ ಒಂದು ಇಳಿತ, ಒಂದು ಏರು. ಒಂದು ನದಿಯ ಕಣಿವೆಯಿಂದ ಇನ್ನೊಂದಕ್ಕೆ ದಾಟುವ ದಾರಿಯಲ್ಲಿ ಗುಡ್ಡದ ಬೆನ್ನನ್ನೇ ಹತ್ತಬೇಕು. ಕಿಲೋಮೀಟರಿಗೆ 50 ಮೀಟರ್ ಏರುವ ರಸ್ತೆಯನ್ನು ಗೇರಿನ ಸೈಕಲ್ ನಿಧಾನವಾಗಿ ಹತ್ತುತ್ತದೆ. 100 ಮೀಟರ್ ಏರುವುದಾದರೆ, ಸಾಮಾನು ಹೊತ್ತ ಸವಾರ ಇಳಿದು ತಳ್ಳುವುದೇ ಹೆಚ್ಚು. ಆದ್ದರಿಂದ ದಾರಿ ಕೇಳಿದವರಿಗೆ ನಮ್ಮ ಮಲೆನಾಡಿನ 'ಇಲ್ಲೇ ಹತ್ತಿರ' ಸಾಲದು. ಎಷ್ಟು ಏರುಗಳಿವೆ ಎಂದು ಹೇಳುವುದೇ ಉಪಕಾರ.

ಶಿವಮೊಗ್ಗದಿಂದ ತೀರ್ಥಹಳ್ಳಿ, ಶೃಂಗೇರಿಯ ಮೇಲೆ ಮಂಗಳೂರಿಗೆ ಹೋಗುವ 169ನೆಯ ಹೆದ್ದಾರಿಯಾಗಲಿ, ತೀರ್ಥಹಳ್ಳಿಯಿಂದ ಆಗುಂಬೆಯ ಮೇಲೆ ಉಡುಪಿಗೆ ಇಳಿಯುವ 169ಎ ಆಗಲಿ ಇವರಿಗೆ ಬೇಕಾದುದಲ್ಲ. ಬೇಕಾದುದು ಅವುಗಳ ಅಕ್ಕಪಕ್ಕದ ಜಿಲ್ಲಾ ರಸ್ತೆ, ಪಂಚಾಯತಿ ರಸ್ತೆಗಳು. ತುಂಗೆಯ ಬದಿಯಲ್ಲಿ ಹರಿಹರಪುರದ ಸುತ್ತಿನ ಅಡಿಕೆ ತೋಟಗಳ ನಡುವಿನ ದಾರಿಗಳು. ತೀರ್ಥಹಳ್ಳಿ-ಕೊಪ್ಪ ರಸ್ತೆಯಿಂದ ಒಳಕ್ಕೆ ತಿರುಗಿದರೆ ಕುವೆಂಪು ಅವರ ಕುಪ್ಪಳಿ, ಕವಿಮನೆ, ಕವಿಶೈಲ. ಶೃಂಗೇರಿಯಿಂದ ಜಯಪುರದ ಮೇಲೆ ಬಾಳೆಹೊನ್ನೂರಿಗೆ ಹೋದರೆ ತುಂಗೆಯ ಕಣಿವೆ ಬಿಟ್ಟು ಭದ್ರೆಯ ಕಣಿವೆಗೆ ಬಂದಂತೆ. ಅಡಿಕೆಯ ನೆರಳು ಕಳೆದು ಕಾಫಿಯ ನೆರಳು ಹೆಚ್ಚುತ್ತದೆ. 1925ರಲ್ಲಿ ಆರಂಭವಾದ ನಮ್ಮ ಕಾಫಿ ಸಂಶೋಧನಾ ಕೇಂದ್ರ ಇರುವುದು ಅಲ್ಲಿಯೇ. ಬಾಳೆಹೊನ್ನೂರಿನಿಂದ ಖಾಂಡ್ಯದ ಕಡೆ, ಇಲ್ಲವೇ ಮಾಗುಂಡಿಯ ಮೇಲೆ ಕಳಸದ ಕಡೆ ಭದ್ರೆ ಆಗಾಗ ಕಾಣುತ್ತಾಳೆ. ಕಳಸದಿಂದ ಹೊರನಾಡು 8 ಕಿಲೋಮೀಟರ್. ಕಳಸದಿಂದ ಕುದುರೆಮುಖದ ಕಡೆ ಹೋದರೆ 1987ರಲ್ಲಿ ಘೋಷಿತವಾದ ರಾಷ್ಟ್ರೀಯ ಉದ್ಯಾನ. 2005ರ ಕೊನೆಗೆ ಗಣಿ ನಿಂತ ಮೇಲೆ ಅಲ್ಲಿನ ಊರು ಬಹುಮಟ್ಟಿಗೆ ಬರಿದಾಗಿದೆ. ನೀರು, ತಿಂಡಿ ಕಟ್ಟಿಕೊಂಡೇ ಹೊರಡಬೇಕು, ಅರಣ್ಯದ ತನಿಖಾ ಠಾಣೆಯ ನಿಯಮಗಳನ್ನು ಮೊದಲೇ ವಿಚಾರಿಸಬೇಕು.

ಕಾಲ ಮತ್ತು ಎಚ್ಚರಿಕೆ

ಜೂನಿನಿಂದ ಸೆಪ್ಟೆಂಬರಿನವರೆಗೆ ಈ ದಾರಿಗಳು ಇಂಬಳದ ಪಾಲು. ಅಕ್ಟೋಬರಿನ ಕೊನೆಯಿಂದ ಮಾರ್ಚಿಯವರೆಗೆ ಸವಾರಿಗೆ ಹಿತವಾದ ಕಾಲ. ಹೂಮಳೆ ಬಿದ್ದ ಕೆಲವು ದಿನಗಳಿಗೆ ಕಾಫಿ ಅರಳಿದಾಗ ಬಂದವನು ಭಾಗ್ಯವಂತ. ಆದರೆ ಇದೇ ನಮ್ಮ ಕೊಯ್ಲಿನ ಕಾಲವೂ ಹೌದು. ಬೆಳಿಗ್ಗೆ ಆಳುಗಳನ್ನು ತರುವ ಜೀಪು, ಸಂಜೆ ಹಣ್ಣು ಸಾಗಿಸುವ ಪಿಕಪ್ಪು ತಿರುವಿನಲ್ಲಿ ಹಾರನ್ ಮಾಡದೆ ನುಗ್ಗಿದರೆ ಸೈಕಲ್ಲಿಗೆ ಸರಿಯಲು ಜಾಗವಿಲ್ಲ. ಡಾಂಬರಿನ ಮೇಲೆ ಕಾಳುಮೆಣಸು, ಕಾಫಿ ಹರಡುವ ಅಭ್ಯಾಸ ಇರುವವರು ಅದರ ಮೇಲೆ ಚಕ್ರ ಜಾರುವುದನ್ನೂ ನೆನೆಯಬೇಕು. ಕಟ್ಟದ ನಾಯಿಯ ವಿಷಯ ಹೇಳುವುದೇ ಬೇಡ.

ಬಂದವರಿಗೆ ನಾವು ತಿಳಿಸಲೇಬೇಕಾದ ಎರಡು ಸಂಗತಿಗಳಿವೆ. ಒಂದು, ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣುಗುಗಳಿಂದ ಹರಡುತ್ತದೆ. ಅದರ ಕಾಲವೂ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕಾಡಿನ ತರಗೆಲೆಯ ಮೇಲೆ ಕೂರುವುದು, ಮಲಗುವುದು ಕೂಡದು. ಮಂಗ ಸತ್ತ ಜಾಗದ ಹತ್ತಿರ ಸುಳಿಯಲೇ ಕೂಡದು. ಎರಡು, ಆನೆ. ಕಾಫಿ ತೋಟಗಳಲ್ಲಿ ಆನೆ ಸುಳಿಯುವ ಸುದ್ದಿ ಇರುವ ಕಡೆ ಮುಸ್ಸಂಜೆಯ ಮೇಲೆ, ನಸುಕಿನಲ್ಲಿ ಸವಾರಿ ಸಲ್ಲದು. ಸೈಕಲ್ಲಿಗೆ ಸದ್ದಿಲ್ಲ, ಆನೆಗೆ ಇವರು ಬರುವುದು ತಿಳಿಯುವುದಿಲ್ಲ.

ನಮಗೇನು ಲಾಭ?

ಈ ಪ್ರಶ್ನೆ ನ್ಯಾಯವಾದದ್ದೇ. ಶೃಂಗೇರಿ, ಕೊಪ್ಪ ಸೀಮೆಯಲ್ಲಿ ಹಳದಿ ಎಲೆ ರೋಗ ದಶಕಗಳಿಂದ ಅಡಿಕೆ ತೋಟಗಳನ್ನು ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿಯೂ ಸೇರಿದೆ. ಒಂದೆರಡು ಎಕರೆಯ ಸದಸ್ಯರಿಗೆ ಪರ್ಯಾಯ ಬೆಳೆ ಹೇಳುವುದು ಸುಲಭ, ಅದು ಫಸಲಿಗೆ ಬರುವವರೆಗೆ ಮನೆ ನಡೆಸುವುದು ಕಷ್ಟ. ಸೈಕಲ್ ಸವಾರರಿಂದ ಸಾಲ ತೀರುತ್ತದೆಂದು ನಾವು ಹೇಳುವುದಿಲ್ಲ. ಆದರೆ ಕಾರಿನವರು ಒಂದೇ ದಿನದಲ್ಲಿ ದಾಟಿಹೋಗುವ ಸೀಮೆಯಲ್ಲಿ ಇವರು ಮೂರು ನಾಲ್ಕು ರಾತ್ರಿ ತಂಗುತ್ತಾರೆ. ಇವರಿಗೆ ಈಜುಕೊಳ ಬೇಡ, ಧ್ವನಿವರ್ಧಕ ಬೇಡ. ಬಿಸಿನೀರಿನ ಸ್ನಾನ, ಕಡುಬೋ ಅಕ್ಕಿರೊಟ್ಟಿಯೋ ಹೊಟ್ಟೆ ತುಂಬ, ಸೈಕಲ್ ಇಡಲು ಜಗುಲಿ, ಇಷ್ಟಿದ್ದರೆ ಸಾಕು. ಹೊರಡುವಾಗ ಕಾಲು ಕಿಲೋ ಕಾಫಿಪುಡಿ, ಕಾಳುಮೆಣಸು, ಜೇನು ಕೊಂಡೊಯ್ಯುತ್ತಾರೆ. ಹಣ ಕೊಟ್ಟು ತಂಗುವವರನ್ನು ಇಟ್ಟುಕೊಳ್ಳುವವರು ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ವಿದೇಶದವರಾದರೆ ವಿವರವನ್ನು ಕೂಡಲೇ ಅಧಿಕಾರಿಗಳಿಗೆ ತಿಳಿಸಬೇಕು.

ಹೊರದೇಶದ ಒಂದು ಉದಾಹರಣೆ ಇಲ್ಲಿ ಸಲ್ಲುತ್ತದೆ. ಆಸ್ಟ್ರಿಯದಲ್ಲಿ ಡ್ಯಾನ್ಯೂಬ್ ನದಿ ಬೆಟ್ಟಗಳ ನಡುವೆ ಹರಿಯುವ, ಮೆಲ್ಕ್ ಮತ್ತು ಕ್ರೆಮ್ಸ್ ಪಟ್ಟಣಗಳ ನಡುವಿನ ವಾಖೌ ಕಣಿವೆ ದ್ರಾಕ್ಷಿ ಮತ್ತು ಜರ್ದಾಳು ಬೆಳೆಯುವ ಸೀಮೆ. ಹಿಂದೆ ದೋಣಿಗಳನ್ನು ಪ್ರವಾಹಕ್ಕೆದುರಾಗಿ ಕುದುರೆಗಳಿಂದ ಎಳೆಸುತ್ತಿದ್ದ ನದೀದಂಡೆಯ ಹಾದಿಗಳೂ ತೋಟದ ರಸ್ತೆಗಳೂ ಇಂದು ಸೈಕಲ್ ಪ್ರವಾಸಿಗರ ಹಾದಿಗಳಾಗಿವೆ. ಅಲ್ಲಿ ಬೆಳೆಗಾರ ತಾನು ಬೆಳೆದ ದ್ರಾಕ್ಷಿಯ ಮದ್ಯವನ್ನು ತನ್ನ ಅಂಗಳದಲ್ಲೇ ಮಾರಲು 1784ರ ರಾಜಾಜ್ಞೆಯೇ ಅನುಮತಿ ನೀಡಿತ್ತು. ಆ ಸಂಪ್ರದಾಯ ಇಂದಿಗೂ ನಡೆದಿದೆ. ಮದ್ಯದ ಜಾಗದಲ್ಲಿ ನಮ್ಮ ಕಾಫಿಯನ್ನು ಇಟ್ಟು ನೋಡಿದರೆ ಪಾಠ ಸ್ಪಷ್ಟ: ಹಾದಿಹೋಕರ ಹಣ ಪೇಟೆಗೆ ಹೋಗದೆ ಬೆಳೆದವನ ಅಂಗಳಕ್ಕೇ ಬರುತ್ತದೆ.

ಅಗಲವೋ, ಚರಂಡಿಯೋ?

ಈಗ ಮೊದಲಿನ ಮಾತಿಗೆ ಬರೋಣ. ಈ ರಸ್ತೆಗಳಿಗೆ ಬೆಲೆ ಬಂದಿರುವುದು ಅವು ಕಿರಿದಾಗಿ, ನೆರಳಾಗಿ, ಸದ್ದಿಲ್ಲದೆ ಇರುವುದರಿಂದ. ಅಗಲ ಮಾಡಿದ ಕೂಡಲೆ ಹೆದ್ದಾರಿಯ ಲಾರಿ ಒಳದಾರಿ ಹಿಡಿಯುತ್ತದೆ, ದಾರಿಬದಿಯ ಮರ ಹೋಗುತ್ತದೆ, ಧರೆ ಕಡಿಯಬೇಕಾಗುತ್ತದೆ. ಕಡಿದ ಧರೆ ಮಳೆಗಾಲದಲ್ಲಿ ಏನಾಗುತ್ತದೆಂದು 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ನಾಡೇ ನೋಡಿದೆ. ಆ ಕುಸಿತಗಳಿಗೆ ವಿಪರೀತ ಮಳೆಯೇ ಮುಖ್ಯ ಕಾರಣವಾದರೂ, ಇಳಿಜಾರನ್ನು ಕಡಿದ ಕಡೆ ನೆಲದ ಬಲ ಕುಂದುವುದು ತೋಟದವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

ಮಲೆನಾಡಿನ ರಸ್ತೆಯನ್ನು ಕೆಡಿಸುವುದು ಅದರ ಇಕ್ಕಟ್ಟಲ್ಲ, ಅದರ ಮೇಲೆ ಹರಿಯುವ ನೀರು. ಮಣ್ಣು ತುಂಬಿದ ಚರಂಡಿ, ಕಟ್ಟಿಕೊಂಡ ಮೋರಿ, ತೋಟದ ನೀರನ್ನು ರಸ್ತೆಗೆ ಬಿಡುವ ಕಪ್ಪು, ಇವು ಮೂರು ಸೇರಿದರೆ ಒಂದೇ ಮಳೆಗಾಲಕ್ಕೆ ಡಾಂಬರು ಏಳುತ್ತದೆ. ಆಸ್ಪತ್ರೆಗೆ ಹೋಗುವ ಜೀಪು, ಶಾಲೆಯ ಮಕ್ಕಳು, ನಮ್ಮ ಫಸಲು ಇವಕ್ಕೆಲ್ಲ ಬೇಕಾದುದು ವರ್ಷವಿಡೀ ಕೆಡದೆ ನಿಲ್ಲುವ ರಸ್ತೆ. ತಿರುವಿನಲ್ಲಿ ಎದುರು ಬಂದವರಿಗೆ ಸರಿಯಲು ಅಲ್ಲಲ್ಲಿ ಜಾಗ. ಸೈಕಲ್ಲಿನವರಿಗೆ ಬೇಕಾದುದೂ ಅದೇ.

ಆದ್ದರಿಂದ ಮುಂದಿನ ಮಹಾಸಭೆಯಲ್ಲಿ ರಸ್ತೆಯ ಮಾತು ಬಂದಾಗ 'ಅಗಲ ಮಾಡಿ' ಎಂಬುದರ ಬದಲು 'ಚರಂಡಿ, ಮೋರಿ ಸರಿಮಾಡಿ, ದುರಸ್ತಿ ಕಾಲಕ್ಕೆ ಸರಿಯಾಗಿ ನಡೆಯಲಿ' ಎಂಬ ಮನವಿಯನ್ನು ಸದಸ್ಯರು ಪರಿಶೀಲಿಸಬೇಕೆಂದು ಕೋರುತ್ತೇವೆ. ಮಳೆಗಾಲಕ್ಕೆ ಮುಂಚೆ ತಮ್ಮ ತೋಟದ ಅಂಚಿನ ಚರಂಡಿಯನ್ನು ತಾವೇ ಬಿಡಿಸುವುದಕ್ಕೆ ಯಾವ ಮನವಿಯೂ ಬೇಡ. ಸವಾರರಿಗೆ ನೀರು, ಊಟ, ತಂಗಲು ಸ್ಥಳ ಕೊಡಬಲ್ಲ ಸದಸ್ಯರು ಹೆಸರನ್ನು ಕಚೇರಿಯಲ್ಲಿ ಬರೆಸಿದರೆ, ಫೋನಿನ ನಕ್ಷೆ ತೋಟದ ಖಾಸಗಿ ದಾರಿಯನ್ನೂ ಊರ ದಾರಿಯೆಂದು ತೋರಿಸಿ ಜನರನ್ನು ಗೇಟಿನ ಮುಂದೆ ನಿಲ್ಲಿಸುವ ಮೊದಲು, ಯಾವ ದಾರಿ ತೆರೆದದ್ದು, ಯಾವುದು ಅಲ್ಲ ಎಂಬ ಪಟ್ಟಿಯೊಂದನ್ನು ನಾವೇ ಸಿದ್ಧಪಡಿಸಬಹುದು. ದಾರಿ ನಮ್ಮದು; ಅದನ್ನು ಹೇಳುವವರೂ ನಾವೇ ಆಗಿರುವುದು ಒಳ್ಳೆಯದು.