ಉಸಿರಿನ ಕಸಿಯೂ ಕೊಬ್ಬರಿಯ ಅಟ್ಟವೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಅಟ್ಟದ ಏಣಿ ಹತ್ತುವಾಗ ಏದುಸಿರು ಬಂದರೆ ಅದನ್ನು ರಕ್ತಹೀನತೆಯೆಂದೋ ಉಬ್ಬಸವೆಂದೋ ಬಗೆದು ಕಷಾಯ ಕುಡಿದು ಸುಮ್ಮನಾಗುವವರುಂಟು; ಎಷ್ಟೋ ವೇಳೆ ಆ ಊಹೆ ಸರಿಯೂ ಆಗಿರುತ್ತದೆ. ಆದರೆ, ವಿರಳವಾಗಿಯಾದರೂ, ಹೃದಯದಿಂದ ಶ್ವಾಸಕೋಶಕ್ಕೆ ರಕ್ತವನ್ನೊಯ್ಯುವ ಸೂಕ್ಷ್ಮ ಧಮನಿಗಳ ಭಿತ್ತಿ ದಪ್ಪಗಟ್ಟಿ ಒಳದಾರಿ ಕಿರಿದಾಗುವ, ವೈದ್ಯರು ಪಲ್ಮನರಿ ಆರ್ಟೀರಿಯಲ್ ಹೈಪರ್‌ಟೆನ್ಷನ್ ಎನ್ನುವ ವ್ಯಾಧಿಯ ಮೊದಲ ಸೂಚನೆಯೂ ಅದೇ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ.ಗೆ ಇದು ಸಿಕ್ಕುವುದಿಲ್ಲ. ಎಕೋ ಪರೀಕ್ಷೆಯಲ್ಲಿ ಸಂಶಯ ಹುಟ್ಟಿ, ಹೃದಯದ ಬಲಭಾಗಕ್ಕೆ ನಳಿಕೆ ಇಳಿಸಿ ಅಳೆದಾಗಲೇ ನಿಶ್ಚಯ. ಸ್ವಸ್ಥರಲ್ಲಿ ಶ್ವಾಸಕೋಶದ ಧಮನಿಯ ಸರಾಸರಿ ಒತ್ತಡ ಸುಮಾರು 14 ಮಿಲಿಮೀಟರ್ ಪಾದರಸ. 20ನ್ನು ಮೀರಿದರೆ ಅಧಿಕ. ಬಾಲ್ಯದಲ್ಲಿ ಮುಚ್ಚದೆ ಬಿಟ್ಟ ಹೃದಯರಂಧ್ರವೂ ಇದಕ್ಕೊಂದು ಕಾರಣ.

ಸಿಲ್ಡೆನಾಫಿಲ್, ಬೊಸೆಂಟಾನ್ ಮೊದಲಾದ ಔಷಧಗಳು ಸೋತಾಗ ಉಳಿಯುವ ಮಾರ್ಗ ಕಸಿ. 1981ರ ಮಾರ್ಚ್ 9ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೂಸ್ ರೈಟ್ಸ್ ಮತ್ತು ನಾರ್ಮನ್ ಶಮ್ವೇ ಅವರು ಇದೇ ವ್ಯಾಧಿಯ ಮಹಿಳೆಯೊಬ್ಬರಿಗೆ ಹೃದಯವನ್ನೂ ಶ್ವಾಸಕೋಶಗಳನ್ನೂ ಒಟ್ಟಾಗಿ ಜೋಡಿಸಿದರು. ಆಕೆ ಅನಂತರ ಸುಮಾರು ಐದು ವರ್ಷ ಬಾಳಿದರು. ಈಗ ಸಾಮಾನ್ಯವಾಗಿ ಎರಡು ಶ್ವಾಸಕೋಶಗಳನ್ನು ಮಾತ್ರ ಬದಲಿಸುವುದು ವಾಡಿಕೆ. ವರ್ಷಗಟ್ಟಲೆ ಅತಿಭಾರವನ್ನು ತಳ್ಳಿ ತಳ್ಳಿ ಹಿಗ್ಗಿದ ಹೃದಯದ ಬಲಕೋಣೆಯು, ಆ ಭಾರ ಇಳಿದೊಡನೆ, ತಾನೇ ಕ್ರಮೇಣ ಕುಗ್ಗಿ ಚೇತರಿಸಿಕೊಳ್ಳುವುದೇ ಈ ಶಾಸ್ತ್ರದಲ್ಲಿ ನನಗೆ ಅತ್ಯಂತ ವಿಸ್ಮಯಕರವಾಗಿ ತೋರುವ ಸಂಗತಿ.

ಕರ್ನಾಟಕದಲ್ಲಿ ಮಿದುಳು ನಿಷ್ಕ್ರಿಯಗೊಂಡವರ ಅಂಗಗಳನ್ನು ಹಂಚುವ ಹೊಣೆ 'ಜೀವಸಾರ್ಥಕತೆ' ಸಂಸ್ಥೆಯದು. ಆದರೆ ಶ್ವಾಸಕೋಶವು ಅಪಘಾತದ ಪೆಟ್ಟಿಗೂ ವೆಂಟಿಲೇಟರಿನ ಸೋಂಕಿಗೂ ಬೇಗನೆ ಕೆಡುವ ಅಂಗ. ತೆಗೆದ ಮೇಲೆ ಕೆಲವೇ ತಾಸುಗಳಲ್ಲಿ ಜೋಡಿಸಬೇಕು. ರಕ್ತದ ಗುಂಪೂ ಎದೆಗೂಡಿನ ಅಳತೆಯೂ ಹೊಂದಬೇಕು. ಆದುದರಿಂದ ಇತರ ಚಿಕಿತ್ಸೆ ನಡೆಯುತ್ತಿರುವಾಗಲೇ ಕಸಿಯ ವೈದ್ಯರನ್ನು ಕಾಣುವುದು ವಿವೇಕ.

ಶಸ್ತ್ರಚಿಕಿತ್ಸೆ ಮುಗಿದರೂ ಚಿಕಿತ್ಸೆ ಮುಗಿಯದು. ದೇಹವು ಪರರ ಅಂಗವನ್ನು ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳನ್ನು ಆಜೀವವೂ ಸೇವಿಸಬೇಕು. ಹೊಸ ಅಂಗವೋ, ಪ್ರತಿ ಉಸಿರಿಗೂ ಹೊರಗಾಳಿಗೆ ತೆರೆದುಕೊಂಡದ್ದು. ಕಾಯಿಗಳು ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುವ ಅಟ್ಟದ ಧೂಳಿನಲ್ಲಿಯೂ, ಮಳೆಯಲ್ಲಿ ನೆಂದು ಬೂಷ್ಟು ಹಿಡಿದ ಮಟ್ಟೆಯ ರಾಶಿಯಲ್ಲಿಯೂ ಆಸ್ಪರ್ಜಿಲಸ್ ಜಾತಿಯ ಶಿಲೀಂಧ್ರದ ಬೀಜಕಣಗಳಿರಬಹುದು. ಸ್ವಸ್ಥರಿಗೆ ಅವುಗಳಿಂದ ಸಾಮಾನ್ಯವಾಗಿ ಅಪಾಯವಿಲ್ಲ. ಕಸಿ ಪಡೆದವರಿಗೆ ಪ್ರಾಣಾಂತಿಕವಾಗಬಲ್ಲವು. ಅಂಥವರು ಊರಿಗೆ ಮರಳಿದ ಮೇಲೆ ಅಟ್ಟ ಹತ್ತುವುದನ್ನೂ ಕಾಯಿ ಸುಲಿಯುವ ಕಣಕ್ಕಿಳಿಯುವುದನ್ನೂ ಮನೆಯವರಿಗೆ ಬಿಟ್ಟುಬಿಡಬೇಕಾಗುತ್ತದೆ. ಟ್ಯಾಕ್ರೊಲಿಮಸ್ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲ ಔಷಧವಾಗಿರುವುದರಿಂದ, ಆ ಲವಣ ಹೇರಳವಾಗಿರುವ ತಮ್ಮ ತೋಟದ ಎಳನೀರನ್ನೂ ವೈದ್ಯರನ್ನು ಕೇಳಿಯೇ ಕುಡಿಯಬೇಕು.